ಹಗ್ಗದವಳು

ನಮ್ಮೂರಿಗೆ ಅಮಾವಾಸ್ಯೆಯ ದಿನ ಯಾರಾದರೂ ನೆಂಟರು ಬಂದರೆ ಮೊದಲು ಅವರ ಮಡಿಲಿಗೊಂದು ಗುಂಡುಕಲ್ಲು ಕೊಟ್ಟು, ಆಮೇಲೆ ಕುಡಿಯಲು ನೀರು ಕೊಡುತ್ತಿದ್ದೆವು. ನೀರು ಮೊದಲು ಕೊಟ್ಟರೆ ನೆಂಟರು ಚೊಂಬಿನ ಸಮೇತ ಹೋಗಿ ಜಂತೆಗೆ ಅಂಟಿಕೊಳ್ಳುತ್ತಿದ್ದರು. ಅವರನ್ನು ಇಳಿಸಲು ಮತ್ತೆ ಕೊಕ್ಕೆ ಹುಡುಕಬೇಕಾಗುತ್ತಿತ್ತು. ಆ ದಿನ ಹೊತ್ತು ಹುಟ್ಟಿದ ಕೂಡಲೇ ಹಗುರ ಹಿಡಿಯುತ್ತಿತ್ತು, ಮುಳುಗಿದ ಕೂಡಲೇ ಬಿಡುತ್ತಿತ್ತು. ಕಲ್ಲು, ಮಣ್ಣು, ಪಾತ್ರೆಗಳಿಗೆ ಅದರ ಗೊಡವೆ ಇರಲಿಲ್ಲ. ಉಸಿರಾಡುವ ಜೀವಕ್ಕೆ ಮಾತ್ರ ತೂಕ ಹೋಗುತ್ತಿತ್ತು. ಕೋಳಿಗಳ ಕಾಲಿಗೆ ಬೆಣಚುಕಲ್ಲು ಕಟ್ಟುವುದು, ಕರುಗಳನ್ನು ಗೂಟಕ್ಕೆ ಎರಡು ಸುತ್ತು ಬಿಗಿಯುವುದು, ಮಕ್ಕಳನ್ನು ನಡುಮನೆಯ ಕಂಬಕ್ಕೆ ಸೀರೆಯಿಂದ ಸುತ್ತುವುದು, ಇವೆಲ್ಲ ಹಿಂದಿನ ದಿನವೇ ಮುಗಿಯಬೇಕಾದ ಕೆಲಸಗಳು. ಬೇರೆ ಊರುಗಳಲ್ಲಿ ಜನ ನಿತ್ಯವೂ ಭಾರವಾಗಿಯೇ ಇರುತ್ತಾರೆ ಎಂಬುದು ಹೈಸ್ಕೂಲಿಗೆ ಹೋಗುವವರೆಗೆ ನನಗೆ ತಿಳಿದಿರಲಿಲ್ಲ. ತಿಳಿದ ದಿನ ಅವರನ್ನು ನೆನೆದು ಪಾಪ ಅನ್ನಿಸಿತು.

ಹಗುರವನ್ನು ಯಾರೂ ಸುಮ್ಮನೆ ಹಾಳು ಮಾಡುತ್ತಿರಲಿಲ್ಲ. ಗುಡಿಯ ಗೋಪುರಕ್ಕೆ ಸುಣ್ಣ ಬಳಿಯುವುದು, ಹೆಂಚು ಹೊದಿಸುವುದು, ಜೇನು ಇಳಿಸುವುದು ಎಲ್ಲ ಅಂದೇ. ಶಿವರಾತ್ರಿಯ ಮಾರನೆಯ ಅಮಾವಾಸ್ಯೆಗೆ ಹುಣಸೆತೋಪಿನಲ್ಲಿ ಹಣ್ಣು ಬಡಿಯುವ ಕೆಲಸ. ಆ ದಿನ ಒಬ್ಬರು ಮೇಲೆ ಹೋದರೆ ಇನ್ನೊಬ್ಬರು ಕೆಳಗೆ ಕೂತು ಹಗ್ಗ ಹಿಡಿಯುತ್ತಿದ್ದರು. ಈ ಜೋಡಿ ಹಾಲುಹಲ್ಲು ಬೀಳುವ ವಯಸ್ಸಿಗೇ ಕೂಡಿಬರುತ್ತಿತ್ತು, ಸಾಯುವ ತನಕ ಬದಲಾಗುತ್ತಿರಲಿಲ್ಲ. ಒಡಹುಟ್ಟಿದವರು ಜೋಡಿಯಾಗುವಂತಿರಲಿಲ್ಲ, ಮುಂದೆ ಆಸ್ತಿ ಪಾಲಾಗುವಾಗ ಹಗ್ಗ ಕೈಲಿರುವುದು ಒಳ್ಳೆಯದಲ್ಲ ಅಂತ ಹಿರಿಯರ ಲೆಕ್ಕಾಚಾರ. ಗಂಡಹೆಂಡಿರೂ ಆಗುವಂತಿರಲಿಲ್ಲ. ಅದಕ್ಕೆ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕೇಳಿದರೆ ನಗುತ್ತಿದ್ದರು.

ನಮ್ಮವ್ವ ಗಂಗಹನುಮಕ್ಕ ಕೆಳಗಿನವಳು. ಎತ್ತರದ ಆಳು, ಮಾತು ಕಡಿಮೆ, ಒಮ್ಮೆ ಕೂತಳೆಂದರೆ ಕೂತಳು. ಅವಳ ಹಗ್ಗದವಳು, ಅಂದರೆ ಜೋಡಿಯವಳು, ಬೋರಮ್ಮ, ಕಡ್ಡಿಯಂಥ ಹೆಂಗಸು, ಬಾಯಿಗೆ ಬೀಗವಿಲ್ಲ. ಅವಳನ್ನು ನಾನು ಹಗ್ಗದವ್ವ ಎಂದು ಕರೆಯುತ್ತಿದ್ದೆ. ಅತ್ತೆ, ದೊಡ್ಡಮ್ಮ ಇದ್ದ ಹಾಗೆ ನಮ್ಮೂರಿನಲ್ಲಿ ಅದೂ ಒಂದು ವಾವೆ. ಬೋರಮ್ಮ ಹುಣಸೆಯ ನೆತ್ತಿಯಲ್ಲಿ ನಿಂತು ಊರಿನ ಎಲ್ಲ ಹಿತ್ತಲುಗಳ ಸುದ್ದಿಯನ್ನು ಮೇಲಿನಿಂದಲೇ ಬಿತ್ತರಿಸುತ್ತಿದ್ದಳು. ಅವ್ವ ಸೊಂಟವನ್ನು ಮರದ ಬುಡದಲ್ಲಿ ನೆಟ್ಟಿದ್ದ ಹಗ್ಗದ ಕಲ್ಲಿಗೆ ಬಿಗಿದುಕೊಂಡು, ನಗು ಬಂದರೂ ನಗದೆ, ಹಗ್ಗದ ಮೇಲೇ ಕಣ್ಣಿಟ್ಟಿರುತ್ತಿದ್ದಳು.

ಕೆಳಗಿನವರಿಗೆ ಇದ್ದದ್ದು ಒಂದೇ ಕಟ್ಟಲೆ. ಮೇಲಿನವರ ಮಾತು ಕೇಳಬಾರದು. ಹುಣಸೆಯ ನೆತ್ತಿ ದಾಟಿ ಹೋದವರಿಗೆ ಏನೋ ಒಂದು ಸುಖ ಹತ್ತುತ್ತಿತ್ತಂತೆ, ಕೆಳಗೆ ಬರಲು ಮನಸ್ಸೇ ಒಪ್ಪುತ್ತಿರಲಿಲ್ಲವಂತೆ. ಎಂಥ ಗಟ್ಟಿಗರೂ ಮೇಲೆ ಹೋದ ಮೇಲೆ ಹೇಳುತ್ತಿದ್ದುದು ಇಷ್ಟೇ: ‘ಇನ್ನೊಂಚೂರು ಬಿಡು.’ ಅದನ್ನು ಕೇಳಿಸಿಕೊಂಡೂ ಕೇಳಿಸದವರ ಹಾಗೆ ಎಳೆದುಕೊಳ್ಳುವುದೇ ಹಗ್ಗದವರ ಕೆಲಸ. ಮೇಲಿನವರು ಬೈಯುತ್ತಿದ್ದರು, ಅಳುತ್ತಿದ್ದರು. ಇಳಿದ ಮೇಲೆ ಮಜ್ಜಿಗೆ ಕುಡಿದು ಸುಮ್ಮನಾಗುತ್ತಿದ್ದರು. ಅವ್ವನ ಎಳೆತಕ್ಕೆ ಒಂದು ನಡೆ ಇತ್ತು, ಎರಡು ಗಿಡ್ಡ, ಆಮೇಲೊಂದು ಉದ್ದ. ನಾನು ಮಗುವಾಗಿದ್ದಾಗ ತೊಟ್ಟಿಲನ್ನೂ ಅವಳು ಹಾಗೆಯೇ ತೂಗುತ್ತಿದ್ದಳಂತೆ.

ಇಂಥ ಊರಿಗೆ ರಷ್ಯಾದವರು ಬಂದರು. ಅವರು ಆಕಾಶಕ್ಕೆ ಒಂದು ಗುಂಡನ್ನು ಹಾರಿಬಿಟ್ಟು, ಅದು ಭೂಮಿಯನ್ನು ಸುತ್ತಿ ಬಂತೆಂದು ಲೋಕವೆಲ್ಲ ಬೆರಗಾಗಿದ್ದ ಕಾಲ. ಇನ್ನು ಮನುಷ್ಯರನ್ನು ಕಳಿಸಬೇಕು, ಅಲ್ಲಿ ತೂಕವಿರುವುದಿಲ್ಲ, ತೂಕವಿಲ್ಲದೆ ಬಾಳುವುದು ಹೇಗೆಂದು ನೋಡಿ ಕಲಿಯಬೇಕು ಅಂತ ಕೆರೆಯ ಈಚೆ ದಡದಲ್ಲಿ ಡೇರೆ ಹಾಕಿದರು. ಅವರ ಚಹಾದ ಹೊಗೆ ಆರುವ ಮೊದಲೇ ಅಮೆರಿಕದವರೂ ಬಂದು, ಆಚೆ ದಡದ ಹಳೆಯ ಹತ್ತಿ ಜಿನ್ನಿನ ಕಾರ್ಖಾನೆಯಲ್ಲಿ ಬೀಡುಬಿಟ್ಟರು. ನಡುವೆ ನಮ್ಮ ಕೆರೆ, ಅದರಲ್ಲಿ ಎಂದಿನಂತೆ ಎಮ್ಮೆಗಳು.

ಆ ಕಾಲವನ್ನು ನೆನೆದರೆ ಈಗಲೂ ಮೂಗಿಗೆ ಎರಡು ವಾಸನೆ ಬರುತ್ತವೆ. ಒಂದು ಅಮೆರಿಕದವರು ಶಾಲೆಗೆ ಕೊಟ್ಟ ಹಾಲುಪುಡಿಯದು, ಇನ್ನೊಂದು ರಷ್ಯಾದವರು ಹಂಚುತ್ತಿದ್ದ ಬಣ್ಣದ ಪತ್ರಿಕೆಯ ನುಣುಪು ಕಾಗದದ್ದು. ಆ ಕಾಗದದಿಂದ ನಾವು ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದೆವು. ನನ್ನ ಗಣಿತದ ಪುಸ್ತಕದ ಮೇಲೆ ಗೋಧಿ ಹೊಲದಲ್ಲಿ ನಿಂತು ನಗುವ ಒಬ್ಬ ಹೆಂಗಸಿದ್ದಳು. ಲೆಕ್ಕ ತಪ್ಪಾದಾಗಲೂ ಅವಳು ನಗುತ್ತಲೇ ಇದ್ದಳು. ಆಚೆ ದಡದ ಹುಡುಗಿಯರು ಹಾಲುಪುಡಿಯನ್ನು ಬರಿಬಾಯಲ್ಲಿ ಮುಕ್ಕಿ ಅಂಗುಳಕ್ಕೆ ಅಂಟಿಸಿಕೊಂಡು ಬರುತ್ತಿದ್ದರು. ನಮಗೂ ಬೇಕೆನಿಸುತ್ತಿತ್ತು, ಆದರೆ ಕೇಳುವಂತಿರಲಿಲ್ಲ. ಅಷ್ಟರಲ್ಲಿ ಊರಿನಲ್ಲಿ ಎರಡು ಪಕ್ಷಗಳಾಗಿದ್ದವು.

ಪಕ್ಷಗಳಾದದ್ದು ಕೆಲಸದಿಂದ. ಎರಡೂ ಡೇರೆಯವರು ಊರಿನವರನ್ನು ಸಂಬಳಕ್ಕೆ ಇಟ್ಟುಕೊಂಡರು. ಅಪ್ಪ ರಷ್ಯಾದವರ ಅಡುಗೆಮನೆಗೆ ಸೇರಿದ, ಅವ್ವನನ್ನೂ ಹಗ್ಗ ಹಿಡಿಯಲು ಕರೆದುಕೊಂಡರು. ಬೋರಮ್ಮನ ಮನೆ ಆಚೆ ದಡದಲ್ಲಿತ್ತು, ಅವಳನ್ನು ಅಮೆರಿಕದವರು ಕರೆದರು. ಅವರಿಗೆ ಮೇಲೆ ಹೋಗುವವರೇ ಬೇಕಿದ್ದರು. ಕೆಳಗೆ ಹಗ್ಗ ಸುತ್ತಲು ಅವರ ಬಳಿ ಹಿಡಿಕೆಯಿದ್ದ ದೊಡ್ಡದೊಂದು ಕಬ್ಬಿಣದ ರಾಟೆ ಇತ್ತು. ಆಚೆಯವರ ಹಗ್ಗವನ್ನು ಈಚೆಯವರು ಮುಟ್ಟಬಾರದು, ಈಚೆಯವರದನ್ನು ಆಚೆಯವರು ಮುಟ್ಟಬಾರದು ಎಂದು ಎರಡೂ ಕಡೆಯವರು ಕಟ್ಟುನಿಟ್ಟು ಮಾಡಿದರು. ಗುಟ್ಟು ಸೋರಿಹೋಗುತ್ತದಂತೆ. ನಮ್ಮೂರಿನಲ್ಲಿ ಗುಟ್ಟು ಸೋರದಿರಲು ಮೊದಲು ಬೋರಮ್ಮನ ಬಾಯಿ ಹೊಲಿಯಬೇಕಿತ್ತು.

ಸುದ್ದಿ ತಿಳಿದ ದಿನ ಬೋರಮ್ಮ ಏರಿಯ ಮೇಲಿಂದಲೇ ಬಂದು ನಮ್ಮ ಜಗುಲಿಯಲ್ಲಿ ಕೂತಳು. “ಹೋಗ್ಲಿ ಬಿಡೇ ಗಂಗೀ, ಎಷ್ಟ್ ದಿನ ಇರ್ತಾರೆ ಇವ್ರು. ಅವ್ರ್ ಎದ್ದು ಹೋದ್ಮೇಲೆ ನಂದು ನಿಂದು ಇದ್ದಿದ್ದೇ ಅಲ್ವಾ” ಎಂದಳು.

“ರಾಟೆಗೆ ಏನ್ ಗೊತ್ತಾಗುತ್ತೆ ಬೋರೀ” ಎಂದಳು ಅವ್ವ. ಅವತ್ತು ಅವಳು ಆಡಿದ್ದು ಅದೊಂದೇ ಮಾತು.

ರಷ್ಯಾದವರ ಕಡೆ ಲುದ್ಮೀಲಾ ಎಂಬ ದುಂಡುಮುಖದ ಹುಡುಗಿಯಿದ್ದಳು. ನಮ್ಮವರ ಬಾಯಲ್ಲಿ ಅವಳು ಲೂದಮ್ಮನಾದಳು. ಅವ್ವ ಹಿಡಿಯುತ್ತಿದ್ದುದು ಅವಳ ಹಗ್ಗ. ಅಮೆರಿಕದವರ ರಾಟೆಯ ಉಸ್ತುವಾರಿ ಹೆನ್ರಿ ಎಂಬ ಸೌಮ್ಯ ಮನುಷ್ಯನದು, ಅವನು ಎನ್ರಪ್ಪನಾದ. ಇಬ್ಬರೂ ಒಳ್ಳೆಯವರೇ. ಲೂದಮ್ಮ ನಮ್ಮ ಮನೆಯಲ್ಲಿ ರಾಗಿಮುದ್ದೆ ನುಂಗುವುದನ್ನು ಕಲಿತಳು. ಎನ್ರಪ್ಪ ಬೋರಮ್ಮನ ಮಕ್ಕಳಿಗೆ ಗಾಳಿಪಟ ಮಾಡಿಕೊಡುತ್ತಿದ್ದ. ಆದರೆ ಅವರ ಮೇಲಿನವರು ದೂರದ ರಾಜಧಾನಿಗಳಲ್ಲಿ ಕೂತು, ನಿಮ್ಮವರು ಎಷ್ಟು ಮೇಲೆ ಹೋದರು, ಎದುರಿನವರು ಎಷ್ಟು ಮೇಲೆ ಹೋದರು ಎಂದು ಕೇಳುತ್ತಲೇ ಇರುತ್ತಿದ್ದರು. ಈಚೆಯವರು ಹುಣಸೆಯ ನೆತ್ತಿ ದಾಟಿದರೆ ಮುಂದಿನ ಅಮಾವಾಸ್ಯೆಗೆ ಆಚೆಯವರು ಗೋಪುರದ ಕಳಶ ದಾಟುತ್ತಿದ್ದರು. ಹಿರಿಯರು ಬೇಡವೆಂದರು. ಹಿರಿಯರ ಮಕ್ಕಳೇ ಡೇರೆಗಳಲ್ಲಿ ಸಂಬಳಕ್ಕಿದ್ದುದರಿಂದ ಬಹಳ ಜೋರಾಗಿ ಹೇಳಲಿಲ್ಲ.

ಅಮೆರಿಕದವರದು ಇನ್ನೊಂದು ಪದ್ಧತಿ. ಮೇಲೆ ಹೋದವರ ಮಾತೇ ಕಡೆಯ ಮಾತು. ಜೀವ ಅವರದು, ತೀರ್ಮಾನವೂ ಅವರದೇ, ಅವರು ಇಳಿಸಿ ಅಂದಾಗ ಇಳಿಸುವುದು, ಬಿಡಿ ಅಂದಾಗ ಬಿಡುವುದು. ಅದಕ್ಕೆಂದೇ ಹಗ್ಗದ ಜೊತೆಗೆ ತಂತಿ ಎಳೆದು, ಮೇಲಿನವರ ದನಿ ಕೆಳಗೊಂದು ಪೆಟ್ಟಿಗೆಯಲ್ಲಿ, ಕೆಳಗಿನವರದು ಮೇಲೆ ಕೇಳುವಂತೆ ಮಾಡಿದ್ದರು. ಎನ್ರಪ್ಪ ನಮ್ಮ ಕಟ್ಟಲೆ ಕೇಳಿ ನೊಂದುಕೊಂಡಿದ್ದನಂತೆ, ಒಬ್ಬ ಮನುಷ್ಯನ ಮಾತಿಗೆ ಬೆಲೆ ಕೊಡದಿರುವುದು ಎಂಥ ಪದ್ಧತಿ ಅಂತ. ಅವನ ಮಾತಿನಲ್ಲಿ ನ್ಯಾಯವಿತ್ತು. ಆದರೆ ಅವನು ಹುಣಸೆಯ ನೆತ್ತಿ ದಾಟಿ ಹೋದವನಲ್ಲ.

ಮಹಾಲಯ ಅಮಾವಾಸ್ಯೆ ಬಂತು. ಅವತ್ತು ಎರಡೂ ಕಡೆಯಿಂದ ದೊಡ್ಡ ಅಧಿಕಾರಿಗಳು ದುರ್ಬೀನು ಹಿಡಿದು ಬಂದಿದ್ದರು. ಊರೆಲ್ಲ ಮಡಿಲಲ್ಲಿ ಕಲ್ಲಿಟ್ಟುಕೊಂಡು ಏರಿಯ ಮೇಲೆ ಸಾಲಾಗಿ ಕೂತಿತ್ತು. ಈಚೆಯಿಂದ ಲೂದಮ್ಮ ಏರಿದಳು, ಆಚೆಯಿಂದ ಬೆಳ್ಳಿಬಣ್ಣದ ಅಂಗಿ ತೊಟ್ಟ ಬೋರಮ್ಮ ಏರಿದಳು. ಹುಣಸೆ ದಾಟಿತು, ಕಳಶ ದಾಟಿತು, ಹದ್ದುಗಳು ಸುತ್ತುವ ಎತ್ತರವೂ ದಾಟಿತು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಇಬ್ಬರೂ ಎರಡು ಚುಕ್ಕೆಗಳಾಗಿದ್ದರು. ಅಧಿಕಾರಿಗಳು ಒಬ್ಬರ ಚುಕ್ಕೆಯನ್ನು ಇನ್ನೊಬ್ಬರು ನೋಡುತ್ತ ಬಿಡಿ, ಇನ್ನೂ ಬಿಡಿ ಎನ್ನುತ್ತಿದ್ದರು.

ಹೊತ್ತು ಪಡುವಣಕ್ಕೆ ವಾಲಿತು. ಅವ್ವ ಒಮ್ಮೆ ಸೂರ್ಯನನ್ನು ನೋಡಿದಳು, ಒಮ್ಮೆ ಆಚೆಯ ಚುಕ್ಕೆಯನ್ನು ನೋಡಿದಳು, ಲೂದಮ್ಮನನ್ನು ಎಳೆಯತೊಡಗಿದಳು. ಅಧಿಕಾರಿ ಕೂಗಾಡಿದ. ಅಪ್ಪ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು, “ಏನೇ ಇದು, ಕೆಲ್ಸ ಕಳ್ಕೋತೀಯ” ಎಂದ. ಅವ್ವ ತಲೆ ಎತ್ತಲಿಲ್ಲ. ಎರಡು ಗಿಡ್ಡ, ಒಂದು ಉದ್ದ. ಲೂದಮ್ಮ ರಷ್ಯಾದ ಭಾಷೆಯಲ್ಲಿ ಏನೇನೋ ಬೈಯುತ್ತ ಇಳಿದಳು. ಅದರ ಅರ್ಥ ನಮಗೆಲ್ಲ ಚೆನ್ನಾಗಿಯೇ ಆಯಿತು. ಅವಳನ್ನು ಅಧಿಕಾರಿಯ ಕೈಗೆ ಒಪ್ಪಿಸಿ, ಅವ್ವ ಗುಂಡುಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಏರಿಯ ಮೇಲೆ ಓಡಿದಳು. ನಾನೂ ಹಿಂದೆಯೇ ಓಡಿದೆ. ಅವಳು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಜಿನ್ನಿನ ಅಂಗಳದಲ್ಲಿ ಎಲ್ಲರೂ ಕಂಗಾಲಾಗಿ ನಿಂತಿದ್ದರು. ರಾಟೆಯ ಹಗ್ಗ ಪೂರ್ತಿ ಬಿಚ್ಚಿಕೊಂಡು ಕೊನೆ ಮುಟ್ಟಿತ್ತು. ಲೂದಮ್ಮ ಇಳಿದಿದ್ದರಿಂದ ಅಮೆರಿಕದವರು ಗೆದ್ದಾಗಿತ್ತು, ಬೇಕಿದ್ದುದು ಬೋರಮ್ಮ ಇಳಿಯುವುದೊಂದೇ. ಪೆಟ್ಟಿಗೆಯಲ್ಲಿ ಅವಳ ದನಿ ಕೇಳುತ್ತಿತ್ತು, ನಿದ್ದೆಗಣ್ಣಿನಲ್ಲಿ ಮಾತಾಡುವವರ ಹಾಗೆ. “ಇನ್ನೊಂಚೂರು ಬಿಡ್ರಪ್ಪ. ಹಗ್ಗ ಮುಗೀತಾ? ಮುಗುದ್ರೆ ಮುಗೀಲಿ. ನಡುಕಟ್ಟಿಗೆ ಕೊಕ್ಕೆ ಐತಲ್ಲ, ನಾನೇ ಬಿಚ್ಕೋತೀನಿ.” ಎನ್ರಪ್ಪ ಬೇಡಿಕೊಳ್ಳುತ್ತಿದ್ದ, ಬೆವರುತ್ತಿದ್ದ. ರಾಟೆ ತಿರುಗಿಸಲು ಅವನಿಗೆ ಕೈ ಬರಲಿಲ್ಲ. ತಿರುಗಿಸಿದರೆ ಅವಳು ಕೊಕ್ಕೆ ತೆಗೆಯುತ್ತಾಳೆ, ಬಿಟ್ಟರೆ ಹೊತ್ತು ಮುಳುಗುತ್ತದೆ. ಹೊತ್ತು ಮುಳುಗಿದರೆ ಹಗುರ ಬಿಡುತ್ತದೆ. ಅಷ್ಟು ಎತ್ತರದಿಂದ ಬಿದ್ದವರ ಗತಿ ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

ಅವ್ವ ಯಾರನ್ನೂ ಕೇಳದೆ ರಾಟೆಯ ಕಾಲಿಗೆ ತನ್ನ ಕಾಲು ಸಿಕ್ಕಿಸಿ ಕೂತು, ಹಗ್ಗಕ್ಕೆ ಕೈ ಹಾಕಿದಳು. ಈಚೆಯವಳು ಹಗ್ಗ ಮುಟ್ಟಿದಳೆಂದು ಯಾರೋ ತಡೆಯಲು ಬಂದರು, ಎನ್ರಪ್ಪ ಅವರನ್ನು ತೋಳಿನಿಂದ ತಳ್ಳಿದ. ಎರಡು ಗಿಡ್ಡ, ಒಂದು ಉದ್ದ. ಪೆಟ್ಟಿಗೆಯೊಳಗಿನ ದನಿ ನಿಂತುಹೋಯಿತು. ಅವ್ವ ಮತ್ತೊಮ್ಮೆ ಎಳೆದಳು.

“ಗಂಗೀ?” ಎಂದಿತು ಪೆಟ್ಟಿಗೆ. “ನೀನೇನೇ?”

ಅವ್ವ ಉತ್ತರ ಕೊಡಲಿಲ್ಲ, ಕೊಡುವ ಪದ್ಧತಿಯೇ ಇರಲಿಲ್ಲ. ಆಮೇಲೆ ಶುರುವಾಯಿತು ನೋಡಿ ಬೈಗುಳ. ಮುಂಡೆ ಅಂದಳು, ಹಾಳಾಗ್ಹೋಗು ಅಂದಳು, ನಿನ್ನ ಕೈಗೆ ಹುಳ ಬೀಳ ಅಂದಳು, ಕಡೆಗೆ ಅತ್ತು ಬೇಡಿಕೊಂಡಳು. ಆದರೆ ಕೊಕ್ಕೆಗೆ ಕೈ ಹಾಕಲಿಲ್ಲ. ಆ ಎಳೆತದ ಎದುರು ಕೊಕ್ಕೆ ಬಿಚ್ಚುವುದು ಅವಳ ಮೈಗೆ ಗೊತ್ತಿರಲಿಲ್ಲ. ಅವಳ ಕಾಲು ನೆಲಕ್ಕೆ ತಾಗಿದಾಗ ಕೆರೆಯ ನೀರೆಲ್ಲ ಕೆಂಪಗಾಗಿತ್ತು. ಅವ್ವನ ಅಂಗೈಯೂ ಕೆಂಪಗಾಗಿತ್ತು.

ಬೋರಮ್ಮ ಮಜ್ಜಿಗೆ ಕುಡಿಯಲಿಲ್ಲ. ಬೆಳ್ಳಿಬಣ್ಣದ ಅಂಗಿಯಲ್ಲೇ ನೆಲದ ಮೇಲೆ ಕೂತು, ಅವ್ವನ ಮುಖ ನೋಡಿ ಹೇಳಿದಳು. “ನಿಂಗೇನ್ ಗೊತ್ತೇ. ಹುಟ್ಟಿದಾಗಿಂದ ನೆಲಕ್ಕೆ ಅಂಟ್ಕೊಂಡು ಕೂತೋಳು ನೀನು. ಅಲ್ಲೇನಿತ್ತು ಅಂತ ನಿಂಗೇನ್ ಗೊತ್ತು. ಇನ್ಮೇಲೆ ನನ್ನ ಹಗ್ಗ ಮುಟ್ಬೇಡ.”

ಎರಡೂ ಡೇರೆಯವರು ಸ್ವಲ್ಪ ದಿನಗಳಲ್ಲೇ ಗಂಟುಮೂಟೆ ಕಟ್ಟಿದರು. ಅವರು ಕಲಿಯಬೇಕಾದ್ದನ್ನು ಕಲಿತರೋ, ನಮ್ಮಿಂದ ಕಲಿಯುವಂಥದ್ದು ಏನೂ ಇಲ್ಲವೆಂದು ತೀರ್ಮಾನಿಸಿದರೋ ಗೊತ್ತಿಲ್ಲ. ಲೂದಮ್ಮ ಹೋಗುವಾಗ ಅವ್ವನನ್ನು ತಬ್ಬಿಕೊಂಡು ಅತ್ತಳು. ಊರಿನ ಉಳಿದ ಜೋಡಿಗಳೆಲ್ಲ ಮುಖಮುಖ ನೋಡಿಕೊಂಡು, ನಾಚಿ, ನಕ್ಕು, ಮತ್ತೆ ಒಂದಾದವು. ಅವ್ವನ ಜೋಡಿ ಮಾತ್ರ ಮುರಿದೇ ಉಳಿಯಿತು. ಪ್ರತಿ ಅಮಾವಾಸ್ಯೆ ಅವಳು ಹಗ್ಗ ಹಿಡಿದು ಕಲ್ಲಿನ ಬಳಿ ಹೋಗಿ ಕೂರುತ್ತಿದ್ದಳು, ಹಗ್ಗದ ಇನ್ನೊಂದು ತುದಿ ನೆಲದ ಮೇಲೆ ಬಿದ್ದಿರುತ್ತಿತ್ತು. ಬೇರೆಯವರು ಕರೆದರೆ, “ನನ್ನ ಹಗ್ಗದವಳು ಅವ್ಳೆ” ಎನ್ನುತ್ತಿದ್ದಳು. ಆಚೆ ದಡದಲ್ಲಿ ಬೋರಮ್ಮನೂ ಬೇರೆ ಯಾರ ಹಗ್ಗಕ್ಕೂ ಸೊಂಟ ಕೊಡಲಿಲ್ಲ. ಅವರ ಪಾಲಿನ ಹುಣಸೆಮರದ ನೆತ್ತಿಯ ಹಣ್ಣು ವರ್ಷ ವರ್ಷ ಗಿಳಿಗಳ ಪಾಲಾಯಿತು. ಸಂತೆಯಲ್ಲಿ ಎದುರಾದರೆ ಬೋರಮ್ಮ ಮುಖ ತಿರುಗಿಸುತ್ತಿದ್ದಳು. ಅಷ್ಟು ಮಾತಿನ ಹೆಂಗಸು ಅವ್ವನಿಗೆ ಒಂದು ಮಾತು ಕೊಡದಿದ್ದುದು ನನಗೆ ಸಹಿಸಲಾಗುತ್ತಿರಲಿಲ್ಲ. ಅವ್ವ ಸಹಿಸಿದಳು. ಅವಳ ತಲೆಗೂದಲು ಆ ವರ್ಷಗಳಲ್ಲೇ ಬೆಳ್ಳಗಾಯಿತು.

ನನ್ನ ಮದುವೆಯೂ ಆಗಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದ ವರ್ಷ ಚಂದ್ರನ ಮೇಲೆ ಮನುಷ್ಯ ಇಳಿದ ಸುದ್ದಿ ಬಂತು. ಬೆಳಿಗ್ಗೆ ಹೋಟೆಲಿನ ರೇಡಿಯೋದ ಮುಂದೆ ಎರಡೂ ದಡದವರು ನೆರೆದಿದ್ದರು. ಮುದುಕರಿಗೆ ಒಂದೇ ಚಿಂತೆ, ಇವರ ತುಳಿತಕ್ಕೆ ನಮ್ಮ ಅಮಾವಾಸ್ಯೆ ಕೆಟ್ಟುಹೋದರೆ ಏನು ಗತಿ. ನಾನು ಮಗುವನ್ನು ಎದೆಗವಚಿಕೊಂಡು ಬಾಗಿಲ ಬಳಿ ನಿಂತಿದ್ದೆ. ಬೋರಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಳು. ಇಬ್ಬರು ಚಂದ್ರನ ನೆಲದ ಮೇಲೆ ನಡೆದಾಡುತ್ತಿದ್ದಾರೆ, ಮೂರನೆಯವನು ಮೇಲೆ ನೌಕೆಯಲ್ಲಿ ಒಬ್ಬನೇ ಚಂದ್ರನನ್ನು ಸುತ್ತುತ್ತ ಅವರಿಗಾಗಿ ಕಾಯುತ್ತಿದ್ದಾನೆ ಎಂದಿತು ರೇಡಿಯೋ.

“ಅವ್ನು ಇಳಿಯೋದಿಲ್ವಂತಾ?” ಎಂದಳು ಬೋರಮ್ಮ.

“ಅವನು ಇಳಿದ್ರೆ ಇವ್ರನ್ನ ಮನೆಗೆ ಕರ್ಕೊಂಡ್ ಬರೋರು ಯಾರು” ಎಂದರು ಮೇಷ್ಟರು.

ಅವಳು ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಏರಿಯ ಮೇಲೆ ಅವಳು ನಮ್ಮ ಮನೆಯ ದಿಕ್ಕಿಗೆ ನಡೆಯುವುದನ್ನು ನೋಡಿ ನಾನೂ ಹಿಂದೆ ಹೋದೆ. ಅವ್ವ ಜಗುಲಿಯಲ್ಲಿ ಕೂತು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದಳು. ಬೋರಮ್ಮ ಎದುರಿಗೆ ಕೂತು, ತಾನೂ ಒಂದು ಹಿಡಿ ಕಾಯಿ ಎಳೆದುಕೊಂಡು ಸುಲಿಯತೊಡಗಿದಳು. ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ ಹೇಳಿದಳು.

“ಅವ್ರಲ್ಲೂ ಒಬ್ಬ ಹಗ್ಗದವನು ಅವ್ನಂತೆ ಕಣೆ. ಅಷ್ಟ್ ದೂರ ಹೋಗಿ, ಚಂದ್ರ ಕೈಗೆ ಸಿಕ್ಕೋ ಹಂಗಿದ್ರೂ ಇಳೀದೆ, ಕಾಯ್ಕೊಂಡು ಸುತ್ತುತಾ ಅವ್ನಂತೆ. ಅವ್ನಿಗೂ ಆಸೆ ಇರಲ್ವೇನೆ.”

“ಇರ್ತದೆ” ಎಂದಳು ಅವ್ವ.

ಬೋರಮ್ಮನ ಕೈ ನಿಂತಿತು. “ನಿಂಗೂ ಇತ್ತೇನೆ?”

ಅವ್ವ ಕಾಯಿ ಸುಲಿಯುತ್ತಲೇ ಇದ್ದಳು. “ನೀನು ಮೇಲಿಂದ ಹೇಳ್ತಿದ್ದಲ್ಲ, ಅಷ್ಟ್ರಲ್ಲೇ ನೋಡ್ಕೋತಿದ್ದೆ” ಎಂದಳು. ಬೋರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ. ಅಷ್ಟು ವರ್ಷ ನಾವು ಯಾರೂ ಅವ್ವನನ್ನು ಆ ಪ್ರಶ್ನೆ ಕೇಳಿರಲಿಲ್ಲ.

ಮುಂದೆ ಬಂದದ್ದು ಭೀಮನ ಅಮಾವಾಸ್ಯೆ. ಹಗುರ ಎಂದಿನಂತೆ ಹಿಡಿಯಿತು, ಮುದುಕರು ನೆಮ್ಮದಿಯ ಉಸಿರು ಬಿಟ್ಟರು. ಗಂಡನ ಪೂಜೆಯ ದಿನವೆಂದು ಅಪ್ಪ ಮಡಿಯುಟ್ಟು, ಮಡಿಲಲ್ಲಿ ಕಲ್ಲಿಟ್ಟುಕೊಂಡು ಕಾದೇ ಕಾದ. ಪೂಜೆ ಮಾಡಬೇಕಾದವಳು ಹುಣಸೆಯ ಕೆಳಗಿದ್ದಳು. ಬೋರಮ್ಮ ತನ್ನ ಸೊಂಟವನ್ನು ಹಗ್ಗದ ಕಲ್ಲಿಗೆ ಬಿಗಿದುಕೊಂಡು, ಇನ್ನೊಂದು ತುದಿಯನ್ನು ಅವ್ವನ ಸೊಂಟಕ್ಕೆ ಮೂರು ಸಲ ನೋಡಿ ಕಟ್ಟಿದಳು. “ಭಯ ಆಗ್ತದಾ?” ಎಂದಳು. “ಹಗ್ಗ ಯಾರ ಕೈಲೈತೆ” ಎಂದಳು ಅವ್ವ, ಮಡಿಲ ಕಲ್ಲನ್ನು ನೆಲಕ್ಕಿಟ್ಟಳು.

ಆಮೇಲಿನ ವರ್ಷಗಳಲ್ಲಿ ಹಗುರ ಕಡಿಮೆಯಾಗುತ್ತ ಬಂತು. ಈಗ ಅಮಾವಾಸ್ಯೆಗೆ ಹಿಮ್ಮಡಿ ಒಂದಿಷ್ಟು ಎದ್ದರೆ ಹೆಚ್ಚು, ಮಕ್ಕಳು ಅದನ್ನು ಗಮನಿಸುವುದೂ ಇಲ್ಲ. ಅವ್ವನೂ ಇಲ್ಲ, ಬೋರಮ್ಮನೂ ಇಲ್ಲ. ನಾನು ಪರವೂರಿನಲ್ಲಿ ನಿತ್ಯವೂ ಭಾರವಾಗಿ ಓಡಾಡಿಕೊಂಡಿದ್ದೇನೆ. ಆದರೆ ಆ ದಿನ ಬೆಳ್ಳಗಿನ ಕೂದಲು ಗಾಳಿಗೆ ಬಿಚ್ಚಿಕೊಂಡು ಅವ್ವ ಕೊಂಬೆ ಕೊಂಬೆ ದಾಟಿ ಮೇಲೇರಿದ್ದು, ನೆತ್ತಿಯ ಚಿಗುರನ್ನು ಅಂಗಾಲಿನಿಂದ ಸವರಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಮರ ದಾಟಿ ಅವಳು ಇನ್ನೂ ಮೇಲೆ ಹೋದಳು. ಕೆಳಗೆ ನಾವೆಲ್ಲ ತಲೆಯೆತ್ತಿ ನೋಡುತ್ತಿದ್ದೆವು.

“ಬೋರೀ” ಎಂದಿತು ಮೇಲಿನಿಂದ ಅವ್ವನ ದನಿ. ಅಂಥ ದನಿ ಅವಳಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ, ಲಂಗ ತೊಟ್ಟ ಹುಡುಗಿಯ ದನಿ. “ಬೋರೀ, ಇನ್ನೊಂಚೂರು ಬಿಡೇ.”

ಬೋರಮ್ಮ ನಮ್ಮೆಲ್ಲರ ಮುಖ ನೋಡಿದಳು. ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಂಗೈಗೆ ಉಗುಳಿಕೊಂಡು ಹಗ್ಗ ಎಳೆಯತೊಡಗಿದಳು, ಎರಡು ಗಿಡ್ಡ, ಒಂದು ಉದ್ದ. ಜನ್ಮದಲ್ಲಿ ಯಾರಿಗೂ ಕೆಟ್ಟ ಮಾತಾಡದ ನಮ್ಮವ್ವ, ಬಾಯಿಗೆ ಬಂದಂತೆ ಬೈಯುತ್ತ ಕೊಂಬೆ ಕೊಂಬೆಯಾಗಿ ಇಳಿದು ಬಂದಳು. ಬೋರಮ್ಮ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.